ಎಂಡಿ ಮೆಡಿಸಿನ್ ಆದ ಮೇಲೆ ನ್ಯೂರಾಲಜಿ ತೆಗೆದುಕೊಳ್ಳಬಹುದಾ? ಮಂಗಳೂರು, ಉಡುಪಿ ಕಡೆಯ ಡಾಕ್ಟರ್‌ಗಳು ಸ್ವಲ್ಪ ಹೇಳಿ

ಪುತ್ತೂರು_ಅಕ್ಕ
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಮಂಗಳೂರಿನ ಒಂದು ಕಾಲೇಜಿನಲ್ಲಿ ಎಂಡಿ ಜನರಲ್ ಮೆಡಿಸಿನ್ ಕೊನೆಯ ವರ್ಷದಲ್ಲಿದ್ದಾನೆ. ಮುಂದೆ ಸೂಪರ್ ಸ್ಪೆಷಾಲಿಟಿಗೆ ಪರೀಕ್ಷೆ ಬರೆಯಬೇಕು. ಅಪ್ಪ, ದೊಡ್ಡಪ್ಪ, ಮನೆಗೆ ಬಂದ ನೆಂಟರು ಎಲ್ಲರದ್ದೂ ಕಾರ್ಡಿಯಾಲಜಿ ಅಂತ ಒಂದೇ ಹಠ. ಅವನಿಗೆ ನ್ಯೂರಾಲಜಿಯೇ ಬೇಕು, ಅಂದರೆ ಮೆದುಳು, ನರಗಳ ಕಾಯಿಲೆ ನೋಡುವ ವಿಭಾಗ. ಎಂಬಿಬಿಎಸ್ ಐದೂವರೆ ವರ್ಷ, ಎಂಡಿ ಮೂರು, ಈಗ ಮತ್ತೆ ಮೂರು. ಇಷ್ಟೆಲ್ಲ ಓದಿದ ಮೇಲೆ ನಮ್ಮ ಊರಲ್ಲಿ ಅದಕ್ಕೆ ಕೆಲಸ ಉಂಟಾ, ಮೂರು ವರ್ಷ ಅಲ್ಲಿ ಏನು ಕಲಿಸುತ್ತಾರೆ, ಸೀಟು ಎಲ್ಲಿ ತೆಗೆದುಕೊಂಡರೆ ಒಳ್ಳೆಯದು? ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಈ ವಿಷಯ ಅಷ್ಟು ಗೊತ್ತಿಲ್ಲ. ಅವನ ಪರವಾಗಿ ಮನೆಯಲ್ಲಿ ಮಾತಾಡಬೇಕಾದರೆ ನನ್ನ ಹತ್ತಿರ ಸರಿಯಾದ ಮಾಹಿತಿ ಇರಬೇಕು, ಅದಕ್ಕೇ ಕೇಳುತ್ತಿದ್ದೇನೆ.

ಮಲ್ಪೆ_ಗಾಳಿ
ಕಾರ್ಡಿಯಾಲಜಿಯೇ ತೆಗೆದುಕೊಳ್ಳಲಿ ಅಕ್ಕ. ದುಡ್ಡೂ ಉಂಟು, ಹೆಸರೂ ಉಂಟು.

ಕಂಕನಾಡಿ_ಸರ್ಕಲ್
ಮಲ್ಪೆ, ಹುಡುಗನಿಗೆ ಇಷ್ಟ ಇಲ್ಲದ್ದನ್ನು ಮೂವತ್ತು ವರ್ಷ ಮಾಡಿಸುವುದಾ? ಅವನು ಕೇಳಿದ್ದೇ ಬೇರೆ.

ನರದ_ನಂಟು
ನಾನು ನ್ಯೂರಾಲಜಿಸ್ಟ್, ಮಂಗಳೂರಿನಲ್ಲೇ ಕೆಲಸ. ಮೊದಲು ದಾರಿ ಯಾವುದು ಅಂತ ಹೇಳುತ್ತೇನೆ, ಇದರಲ್ಲಿ ತುಂಬಾ ಜನರಿಗೆ ಗೊಂದಲ ಉಂಟು.

ಎಂಡಿ ಮೆಡಿಸಿನ್ ಅಥವಾ ಎಂಡಿ ಪೀಡಿಯಾಟ್ರಿಕ್ಸ್ ಆದವರು ಡಿಎಂ ನ್ಯೂರಾಲಜಿ ಅನ್ನುವ ಸೂಪರ್ ಸ್ಪೆಷಾಲಿಟಿ ಕೋರ್ಸಿಗೆ ಹೋಗಬಹುದು. ಅದು ಮೂರು ವರ್ಷ. ಇಲ್ಲದಿದ್ದರೆ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಆರ್‌ಎನ್‌ಬಿ ಕೋರ್ಸ್ ಉಂಟು, ಅದೂ ಮೂರು ವರ್ಷವೇ. ಅದು ಹೆಚ್ಚಾಗಿ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಎರಡಕ್ಕೂ ನೀಟ್ ಎಸ್‌ಎಸ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಆದರೆ ಬೆಂಗಳೂರಿನ ನಿಮ್ಹಾನ್ಸ್, ಏಮ್ಸ್, ಚಂಡೀಗಢದ ಪಿಜಿಐ, ಪುದುಚೇರಿಯ ಜಿಪ್ಮರ್, ತಿರುವನಂತಪುರದ ಶ್ರೀಚಿತ್ರಾ ಇವುಗಳ ಸೀಟು ನೀಟ್ ಎಸ್‌ಎಸ್‌ನಲ್ಲಿ ಬರುವುದಿಲ್ಲ. ಅದಕ್ಕೆ ಐಎನ್‌ಐ ಎಸ್‌ಎಸ್ ಅಂತ ಬೇರೆ ಪರೀಕ್ಷೆ, ವರ್ಷಕ್ಕೆ ಎರಡು ಸಲ ನಡೆಯುತ್ತದೆ. ತಮ್ಮನಿಗೆ ನಿಮ್ಹಾನ್ಸ್ ಆಸೆ ಇದ್ದರೆ ಅದರ ಅರ್ಜಿ ತಪ್ಪಿಸಿಕೊಳ್ಳಬಾರದು.

ನಮ್ಮ ಕಡೆ ಮಣಿಪಾಲದಲ್ಲಿ ಡಿಎಂ ಉಂಟು. ಕೆಲಸ ಉಂಟಾ ಅಂತ ಕೇಳಿದಿರಲ್ಲ, ಧಾರಾಳ ಉಂಟು. ನಮ್ಮ ಒಪಿಡಿಗೆ ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಭಟ್ಕಳ ಕಡೆಯಿಂದೆಲ್ಲ ಬರುತ್ತಾರೆ. ಅವರವರ ಊರಿನಲ್ಲೇ ನೋಡುವವರು ಇದ್ದರೆ ಅಷ್ಟು ದೂರ ಬರುತ್ತಿರಲಿಲ್ಲ.

ಸುಳ್ಯ_ಘಾಟಿ
ಕೆಲಸ ಉಂಟು ಸರ್, ದುಡ್ಡು? ಅದನ್ನೂ ನೇರವಾಗಿ ಹೇಳಿಬಿಡಿ. ಮನೆಯವರು ಕೇಳುವುದು ಅದೇ ಅಲ್ವಾ.

ನರದ_ನಂಟು
ನೇರವಾಗಿಯೇ ಹೇಳುತ್ತೇನೆ. ಕಾರ್ಡಿಯಾಲಜಿಯಲ್ಲಿ ಆಂಜಿಯೋಗ್ರಾಮ್, ಸ್ಟೆಂಟ್ ಉಂಟು. ಗ್ಯಾಸ್ಟ್ರೋದಲ್ಲಿ ಎಂಡೋಸ್ಕೋಪಿ ಉಂಟು. ನ್ಯೂರಾಲಜಿಯಲ್ಲಿ ಹೆಚ್ಚಿನ ಕೆಲಸ ಮಾತು ಕೇಳುವುದು, ಮುಟ್ಟಿ ನೋಡುವುದು. ಹೊಸ ರೋಗಿಯನ್ನು ಸರಿಯಾಗಿ ನೋಡಲು ಅರ್ಧ ಗಂಟೆ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಅಷ್ಟು ಹೊತ್ತಿಗೂ ಸಿಗುವುದು ಕನ್ಸಲ್ಟೇಷನ್ ಫೀಸ್ ಮಾತ್ರ. ಹಾಗಾಗಿ ಅವರಷ್ಟು ಆದಾಯ ಇಲ್ಲ. ಆದರೆ ಬದುಕಿಗೆ ಕೊರತೆ ಆಗುವಷ್ಟು ಕಮ್ಮಿಯೂ ಇಲ್ಲ. ಒಳ್ಳೆಯ ಸಂಬಳ ಕೊಟ್ಟು ಕರೆಯುವ ಆಸ್ಪತ್ರೆಗಳು ಇವೆ.

ಪಡುಬಿದ್ರಿ_ಪಯಣ
ಒಂದು ಪ್ರಶ್ನೆ. ಈಗ ಎಂಆರ್‌ಐ ಎಲ್ಲ ಕಡೆ ಬಂದಿದೆ. ತಲೆಯ ಒಳಗಡೆ ಏನುಂಟು ಅಂತ ಫೋಟೋದಲ್ಲೇ ಕಾಣುತ್ತದೆ. ಮತ್ತೆ ಮೂರು ವರ್ಷ ಸುತ್ತಿಗೆಯಲ್ಲಿ ಮೊಣಕಾಲು ಬಡಿಯುವುದನ್ನು ಕಲಿಯಬೇಕಾ? ಸೀರಿಯಸ್ ಆಗಿಯೇ ಕೇಳುತ್ತಿದ್ದೇನೆ.

ಹಾಸ್ಟೆಲ್_ರೂಮು
ನಾನು ಡಿಎಂ ಎರಡನೇ ವರ್ಷ, ಇದಕ್ಕೆ ನಾನೇ ಉತ್ತರ ಕೊಡುತ್ತೇನೆ.

ನಮ್ಮಲ್ಲಿಗೆ ತೋಟದ ಕೆಲಸ ಮಾಡುವ ಒಬ್ಬರು ಬಂದರು. ಎಡ ಪಾದ ಮೇಲೆ ಎತ್ತಲು ಆಗುವುದಿಲ್ಲ, ನಡೆಯುವಾಗ ಹೆಬ್ಬೆರಳು ನೆಲಕ್ಕೆ ತಾಗುತ್ತದೆ, ಚಪ್ಪಲಿ ಕಳಚಿ ಹೋಗುತ್ತದೆ. ಕೈಯಲ್ಲಿ ಬೆನ್ನಿನ ಎಂಆರ್‌ಐ ಇತ್ತು. ಅದರಲ್ಲಿ ಡಿಸ್ಕ್ ಉಬ್ಬಿದೆ ಅಂತ ಬರೆದಿತ್ತು. ಬೇರೊಂದು ಕಡೆ ಆಪರೇಷನ್ ಮಾಡಿಸಿ ಅಂತ ಹೇಳಿದ್ದರಂತೆ, ಮನೆಯವರು ಚಿನ್ನ ಅಡ ಇಡಲು ಹೊರಟಿದ್ದರು.

ನಮ್ಮ ಮೇಡಂ ಎಂಆರ್‌ಐ ಕವರ್ ಬಿಚ್ಚಲೇ ಇಲ್ಲ. ಪಾದ ಹಿಡಿದುಕೊಂಡು, ಒಳಗಡೆ ತಿರುಗಿಸಿ ನನ್ನ ಕೈಯನ್ನು ತಳ್ಳಿ ಅಂದರು. ಅವರು ಗಟ್ಟಿಯಾಗಿ ತಳ್ಳಿದರು. ಹೊರಗಡೆ ತಳ್ಳಿ ಅಂದಾಗ ಬಲವೇ ಇಲ್ಲ. ಬೆನ್ನಿನಲ್ಲಿ ಎಲ್ 5 ಅನ್ನುವ ನರದ ಬೇರು ಒತ್ತಿದ್ದರೆ ಎರಡೂ ಸೋಲಬೇಕು. ಒಳಗಡೆ ತಿರುಗಿಸುವ ಸ್ನಾಯುವಿಗೆ ಬರುವುದು ಬೇರೆ ನರ, ಆದರೆ ಬೇರು ಅದೇ ಎಲ್ 5. ಹಾಗಾಗಿ ತೊಂದರೆ ಬೆನ್ನಿನಲ್ಲಿ ಇಲ್ಲ, ಮೊಣಕಾಲಿನ ಹೊರಬದಿಯಲ್ಲಿ ಮೂಳೆಯ ಸುತ್ತ ಹೋಗುವ ಪೆರೋನಿಯಲ್ ನರದಲ್ಲಿ. ಆಮೇಲೆ ಕೇಳಿದರೆ, ಅವರು ದಿನಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರು. ನರದ ಟೆಸ್ಟಿನಲ್ಲೂ ಅದೇ ಜಾಗದಲ್ಲಿ ತಡೆ ಸಿಕ್ಕಿತು. ಆಪರೇಷನ್ ಬೇಡ, ಹಾಗೆ ಕೂರಬೇಡಿ ಅಂತ ಹೇಳಿ, ಪಾದಕ್ಕೆ ಸ್ಪ್ಲಿಂಟ್ ಕೊಟ್ಟು ಫಿಸಿಯೋಥೆರಪಿಗೆ ಕಳಿಸಿದೆವು. ನಿಧಾನಕ್ಕೆ ಸರಿ ಆಗುತ್ತಾ ಬಂತು.

ವಯಸ್ಸಾದ ಯಾರ ಬೆನ್ನಿನ ಎಂಆರ್‌ಐ ತೆಗೆದರೂ ಒಂದಲ್ಲ ಒಂದು ಡಿಸ್ಕ್ ಉಬ್ಬಿರುತ್ತದೆ. ಫೋಟೋದಲ್ಲಿ ಕಂಡದ್ದೇ ರೋಗಕ್ಕೆ ಕಾರಣ ಹೌದಾ ಅಲ್ವಾ ಅಂತ ಹೇಳಲು ಕೈ ಬೇಕು. ಆ ಕೈ ಪಳಗಲು ಮೂರು ವರ್ಷ ಜಾಸ್ತಿ ಅಲ್ಲ.

ಪಡುಬಿದ್ರಿ_ಪಯಣ
ಇದು ಸರಿಯಾದ ಉತ್ತರ. ಆದರೆ ಎಲ್ಲ ರೋಗವೂ ಹೀಗೆಯೇ ಇರುವುದಿಲ್ಲ ಅಲ್ವಾ? ಗಡ್ಡೆ, ರಕ್ತಸ್ರಾವ ಎಲ್ಲ ಸ್ಕ್ಯಾನಿನಲ್ಲೇ ತಿಳಿಯುತ್ತದೆ.

ನರದ_ನಂಟು
ಗಡ್ಡೆ, ರಕ್ತಸ್ರಾವಕ್ಕೆ ಸ್ಕ್ಯಾನ್ ಬೇಕೇ ಬೇಕು, ಅದರಲ್ಲಿ ಜಗಳ ಇಲ್ಲ. ಮೈಗ್ರೇನ್‌ನಲ್ಲಿ ಎಂಆರ್‌ಐ ಸಾಮಾನ್ಯವಾಗಿ ನಾರ್ಮಲ್. ಅಪಸ್ಮಾರ, ಅಂದರೆ ಫಿಟ್ಸ್, ಇರುವ ಎಷ್ಟೋ ಜನರಲ್ಲಿ ನಾರ್ಮಲ್. ಪಾರ್ಕಿನ್ಸನ್ ಕಾಯಿಲೆಯನ್ನು ಇವತ್ತಿಗೂ ನಡಿಗೆ, ನಡುಕ, ಬಿಗಿತ ನೋಡಿಯೇ ಹೇಳುವುದು. ಮಯಸ್ತೇನಿಯಾ ಅನ್ನುವ, ಸ್ನಾಯು ಬೇಗ ದಣಿಯುವ ಕಾಯಿಲೆಯಲ್ಲಿ ಬೆಳಿಗ್ಗೆ ಸರಿ ಇದ್ದ ರೆಪ್ಪೆ ಸಂಜೆ ಜೋತು ಬೀಳುತ್ತದೆ, ಅದು ಯಾವ ಎಂಆರ್‌ಐನಲ್ಲೂ ಕಾಣುವುದಿಲ್ಲ. ಗಿಲಿಯನ್ ಬಾರೆ ಅನ್ನುವ ನರದ ಕಾಯಿಲೆಯಲ್ಲಿ ಕಾಲಿನ ಶಕ್ತಿ ಹೋಗುತ್ತಾ ಮೇಲೆ ಮೇಲೆ ಬರುತ್ತದೆ, ಸುತ್ತಿಗೆ ಬಡಿದರೆ ಮೊಣಕಾಲು ಹಾರುವುದಿಲ್ಲ, ತಲೆಯ ಸ್ಕ್ಯಾನ್ ನಾರ್ಮಲ್. ಸುಮ್ನೆ ಸುಸ್ತು ಅಂತ ಮನೆಗೆ ಕಳಿಸಿದರೆ ರಾತ್ರಿ ಉಸಿರಾಟವೇ ನಿಲ್ಲಬಹುದು.

ಮಳೆಗಾಲದಲ್ಲಿ ಕರೆಂಟು ಹೋದಾಗ ಲೈನ್‌ಮ್ಯಾನ್ ಯಾವ ಮನೆಯಲ್ಲಿ ಲೈಟ್ ಉಂಟು, ಯಾವ ಮನೆಯಲ್ಲಿ ಇಲ್ಲ ಅಂತ ಕೇಳಿಯೇ ತಂತಿ ಎಲ್ಲಿ ತುಂಡಾಗಿದೆ ಅಂತ ಅಂದಾಜು ಮಾಡುತ್ತಾನಲ್ಲ, ನಮ್ಮದೂ ಅದೇ ಲೆಕ್ಕ. ಎಲ್ಲಿ ಅಂತ ಮೊದಲು ಗೊತ್ತಾಗಬೇಕು, ಏನು ಅನ್ನುವುದು ಆಮೇಲೆ. ಡಿಎಂ ಪರೀಕ್ಷೆಯಲ್ಲಿ ಒಬ್ಬ ರೋಗಿಯನ್ನು ಪೂರ್ತಿ ನೋಡಿ ಹೇಳುವ ಲಾಂಗ್ ಕೇಸಿನಲ್ಲೂ ಮೊದಲು ಕೇಳುವುದು ಎಲ್ಲಿ ಅಂತಲೇ.

ಬೈಂದೂರು_ಬಸ್
ಪಾದದ ಕೆಳಗೆ ಗೀರುತ್ತಾರಲ್ಲ, ಅದು ಎಂತದಕ್ಕೆ? ನನ್ನ ಅಜ್ಜನಿಗೆ ಆಸ್ಪತ್ರೆಯಲ್ಲಿ ಬಂದವರೆಲ್ಲ ಗೀರಿ ಗೀರಿ ಅಜ್ಜನಿಗೆ ಸಿಟ್ಟು ಬಂದಿತ್ತು.

ಹಾಸ್ಟೆಲ್_ರೂಮು
ಅದು ಬಾಬಿನ್‌ಸ್ಕಿ ಚಿಹ್ನೆ. ಪ್ಯಾರಿಸ್‌ನ ಬಾಬಿನ್‌ಸ್ಕಿ 1896ರಲ್ಲಿ ಹೇಳಿದ್ದು. ಹಿಮ್ಮಡಿಯಿಂದ ಪಾದದ ಹೊರ ಅಂಚಿನಲ್ಲಿ ಗೀರುತ್ತಾ ಬಂದು ಬೆರಳಿನ ಬುಡದಲ್ಲಿ ಒಳಗೆ ತಿರುಗಿಸಬೇಕು. ದೊಡ್ಡವರಲ್ಲಿ ಹೆಬ್ಬೆರಳು ಕೆಳಗೆ ಮಡಚಿದರೆ ಸರಿ. ಮೇಲೆ ಎದ್ದರೆ ಮೆದುಳು ಅಥವಾ ಬೆನ್ನುಹುರಿಯಲ್ಲಿ ತೊಂದರೆ. ಪುಟ್ಟ ಮಕ್ಕಳಲ್ಲಿ ಮೇಲೆ ಏಳುವುದು ಸಹಜ. ಅಜ್ಜನಿಗೆ ಬೇಜಾರಾಗುವಷ್ಟು ಸಲ ಗೀರಬಾರದು, ಅದು ನಿಜ. ಒಬ್ಬರು ನೋಡಿದ್ದನ್ನು ಕೇಸ್ ಶೀಟಿನಲ್ಲಿ ಸರಿಯಾಗಿ ಬರೆದಿಟ್ಟರೆ ಉಳಿದವರು ಪುನಃ ಗೀರುವುದು ಕಮ್ಮಿ ಆಗುತ್ತದೆ.

ಕಾರ್ಕಳ_ಕಲ್ಲು
ನನಗೆ ಈ ಆರು ವರ್ಷದ ಬಗ್ಗೆಯೇ ತಕರಾರು. ಅಮೆರಿಕದಲ್ಲಿ ಮೆಡಿಕಲ್ ಸ್ಕೂಲ್ ಮುಗಿಸಿದವರು ಒಂದು ವರ್ಷ ಮೆಡಿಸಿನ್, ಮೂರು ವರ್ಷ ನ್ಯೂರಾಲಜಿ, ಒಟ್ಟು ನಾಲ್ಕು ವರ್ಷದಲ್ಲಿ ನ್ಯೂರಾಲಜಿಸ್ಟ್. ನಮ್ಮಲ್ಲಿ ಎಂಬಿಬಿಎಸ್ ಆದ ಮೇಲೆ ಆರು. ಮಧ್ಯೆ ಎರಡು ದೊಡ್ಡ ಪರೀಕ್ಷೆ, ಅದಕ್ಕೆ ಓದಲು ಮನೆಯಲ್ಲಿ ಕೂರುವ ವರ್ಷ ಬೇರೆ. ಮಕ್ಕಳ ಯೌವನ ಪೂರ್ತಿ ಪರೀಕ್ಷೆಯಲ್ಲೇ ಹೋಗುತ್ತದೆ.

ನರದ_ನಂಟು
ಅಲ್ಲಿಯೂ ನಾಲ್ಕು ವರ್ಷದ ನಂತರ ಸ್ಟ್ರೋಕ್, ಅಪಸ್ಮಾರ ಅಂತ ಒಂದೆರಡು ವರ್ಷ ಫೆಲೋಶಿಪ್ ಮಾಡುವವರೇ ಜಾಸ್ತಿ. ಹಾಗಾಗಿ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ. ನಿಮ್ಹಾನ್ಸ್‌ನಲ್ಲಿ ಎಂಬಿಬಿಎಸ್ ಆದವರಿಗೇ ನೇರವಾಗಿ ಆರು ವರ್ಷದ ಡಿಎಂ ಕೂಡ ಉಂಟು, ಆಗ ಮಧ್ಯದ ಪರೀಕ್ಷೆ ತಪ್ಪುತ್ತದೆ.

ಆದರೆ ಎಂಡಿ ಮೆಡಿಸಿನ್ ಮೂರು ವರ್ಷ ಹಾಳು ಅಂತ ನಾನು ಒಪ್ಪುವುದಿಲ್ಲ. ನಮ್ಮ ಕರಾವಳಿಯಲ್ಲಿ ಜ್ವರ ಬಂದು ಪ್ರಜ್ಞೆ ತಪ್ಪಿದವರು ಬಂದರೆ ಮಲೇರಿಯಾ ಇರಬಹುದು, ಇಲಿಜ್ವರ, ಡೆಂಗಿ, ಸ್ಕ್ರಬ್ ಟೈಫಸ್ ಇರಬಹುದು. ಟಿಬಿ ಮೆದುಳಿಗೆ ಬಂದಿರಬಹುದು. ಘಟ್ಟದ ಮೇಲಿನಿಂದ ಮಂಗನ ಕಾಯಿಲೆಯವರು ಮಣಿಪಾಲಕ್ಕೇ ಬರುತ್ತಾರೆ. ಅದರಲ್ಲಿ ಜ್ವರ ಒಮ್ಮೆ ಬಿಟ್ಟು ಎರಡನೇ ಸಲ ಬಂದಾಗ ತಲೆನೋವು, ಗೊಂದಲ, ನಡುಕ ಕಾಣಿಸಬಹುದು. ವಯಸ್ಸಾದವರಿಗೆ ಬರೀ ಸೋಡಿಯಂ ಇಳಿದರೂ ಮಾತು ಅಡ್ಡಾದಿಡ್ಡಿ ಆಗುತ್ತದೆ. ಬೆಳಿಗ್ಗೆ ಎದ್ದಾಗ ಹೊಟ್ಟೆ ನೋವು, ರೆಪ್ಪೆ ಎತ್ತಲು ಆಗುವುದಿಲ್ಲ, ಮೈಯಲ್ಲಿ ಗಾಯದ ಗುರುತಿಲ್ಲ, ರಾತ್ರಿ ನೆಲದಲ್ಲಿ ಮಲಗಿದ್ದರು ಅಂದರೆ ಕಟ್ಟುಹಾವು ಕಚ್ಚಿರಬಹುದು ಅಂತ ಹೊಳೆಯಬೇಕು. ಇದೆಲ್ಲ ಮೆಡಿಸಿನ್ ವಾರ್ಡಿನಲ್ಲಿ ರಾತ್ರಿ ಡ್ಯೂಟಿ ಮಾಡಿಯೇ ಬರುವುದು.

ಕಾರ್ಕಳ_ಕಲ್ಲು
ಕಾಯಿಲೆ ಗೊತ್ತಿರಬೇಕು, ಅದು ಒಪ್ಪಿದೆ. ಪರೀಕ್ಷೆಯ ಮೇಲೆ ಪರೀಕ್ಷೆ ಯಾಕೆ ಅನ್ನುವುದು ನನ್ನ ಪ್ರಶ್ನೆ. ಅದಕ್ಕೆ ಉತ್ತರ ಬರಲಿಲ್ಲ.

ಮಾತಿನ_ಮನೆ
ನಾನು ಸ್ಪೀಚ್ ಥೆರಪಿಸ್ಟ್, ದೇರಳಕಟ್ಟೆ ಕಡೆ. ಯಾರೂ ಹೇಳದ ಒಂದು ವಿಷಯ ಹೇಳಬೇಕು.

ಇಲ್ಲಿ ಡಿಎಂ ಮಾಡಲು ಬಿಹಾರ, ರಾಜಸ್ಥಾನ, ಆಂಧ್ರ ಎಲ್ಲ ಕಡೆಯಿಂದ ಬರುತ್ತಾರೆ. ಪಾಪ, ಕಷ್ಟಪಟ್ಟು ಕನ್ನಡ ಕಲಿಯುತ್ತಾರೆ. ವಾರ್ಡಿಗೆ ಹೋದರೆ ಒಂದು ಮಂಚದಲ್ಲಿ ತುಳು, ಪಕ್ಕದಲ್ಲಿ ಕೊಂಕಣಿ, ಆಚೆ ಬ್ಯಾರಿ, ಕಿಟಕಿ ಹತ್ತಿರ ಕಾಸರಗೋಡಿನ ಮಲಯಾಳ. ಹೊಟ್ಟೆ ನೋವಿಗಾದರೆ ಕೈಸನ್ನೆಯಲ್ಲಿ ಹೇಗೋ ನಡೆಯುತ್ತದೆ. ಸ್ಟ್ರೋಕ್ ಆಗಿ ಮಾತು ಹೋದವರಿಗೆ ಅದು ನಡೆಯುವುದಿಲ್ಲ. ಅಲ್ಲಿ ಮಾತನ್ನೇ ಪರೀಕ್ಷೆ ಮಾಡಬೇಕು.

ಒಮ್ಮೆ ಒಬ್ಬರು ಅಮ್ಮನನ್ನು ಕರೆತಂದರು. ತುಳು ಮಾತಾಡುವವರು. ನಿರರ್ಗಳವಾಗಿ ಮಾತಾಡುತ್ತಾರೆ, ಸ್ವರ, ಏರಿಳಿತ ಎಲ್ಲ ಸರಿ. ಡಾಕ್ಟರ್ ಕೇಳಿದ್ದಕ್ಕೆ ಅಮ್ಮ ಹೇಳಿದ ಪ್ರತಿ ಸಾಲನ್ನೂ ಮಗ ಕನ್ನಡದಲ್ಲಿ ಹೇಳುತ್ತಿದ್ದರು, "ತಲೆ ನೋವು ಅಂತಾರೆ, ಊಟ ಸೇರುವುದಿಲ್ಲ ಅಂತಾರೆ." ನಾನು ಪಕ್ಕದಲ್ಲಿ ಕೂತು ಕೇಳಿದರೆ ಅಮ್ಮನ ಮಾತಿನಲ್ಲಿ ಅರ್ಥವೇ ಇಲ್ಲ. ಇಲ್ಲದ ಪದಗಳು, ಒಂದಕ್ಕೊಂದು ಸಂಬಂಧ ಇಲ್ಲ. ಕಣ್ಣು ಮುಚ್ಚಿ ಅಂದರೆ ಮುಚ್ಚುವುದಿಲ್ಲ, ನಗುತ್ತಾರೆ. ಮಗ ಪ್ರೀತಿಯಿಂದ ಅಮ್ಮನ ಮಾತನ್ನು ತಾನೇ ಸರಿ ಮಾಡಿ ಹೇಳುತ್ತಿದ್ದರು. ಆ ಸರಿ ಮಾಡಿದ ಮಾತಿನಲ್ಲಿ ರೋಗವೇ ಮುಚ್ಚಿಹೋಗಿತ್ತು. ಅದು ವರ್ನಿಕೆ ಅಫೇಸಿಯಾ, ಎಡ ಮೆದುಳಿನ ಸ್ಟ್ರೋಕ್. ಕೈಕಾಲು ಸರಿ ಇದ್ದ ಕಾರಣ ಮೊದಲು ನೋಡಿದ ಕಡೆ ಮಂಡೆಗೆ ಏನೋ ಆಗಿದೆ ಅಂತ ಮಾನಸಿಕ ಕಾಯಿಲೆಯ ಮಾತ್ರೆ ಬರೆದಿದ್ದರು.

ಹಾಗಾಗಿ ಇಲ್ಲಿ ನ್ಯೂರಾಲಜಿ ಕಲಿಸುವವರು ಮೊದಲ ತಿಂಗಳಲ್ಲೇ ಒಂದು ವಿಷಯ ಕಲಿಸಬೇಕು. ಮನೆಯವರಿಗೆ "ಅರ್ಥ ಹೇಳಬೇಡಿ, ಅವರು ಹೇಳಿದ್ದನ್ನು ಹಾಗೆಯೇ ಹೇಳಿ" ಅನ್ನಬೇಕು.

ಹಾಸ್ಟೆಲ್_ರೂಮು
ಮೇಡಂ, ಇದನ್ನು ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇನೆ. ನನ್ನ ಜೊತೆಯವರು ಇಬ್ಬರು ಉತ್ತರದವರು. ನರ್ಸ್ ಅಕ್ಕಂದಿರೇ ಅವರಿಗೆ ತುಳು ಕಲಿಸುವುದು.

ಉಳ್ಳಾಲ_ಅಲೆ
ಬ್ಯಾರಿಯವರಿಗೂ ಇದೇ ತೊಂದರೆ. ನನ್ನ ಉಮ್ಮನಿಗೆ ನೆನಪಿನ ಟೆಸ್ಟ್ ಮಾಡುವಾಗ ಏನೇನೋ ಚಿತ್ರ ತೋರಿಸಿದರು. ಅವರು ಜೀವಮಾನದಲ್ಲಿ ನೋಡದ ವಸ್ತುಗಳು. ಹೆಸರು ಹೇಳಲಿಲ್ಲ ಅಂತ ಮಾರ್ಕ್ ಕಡಿಮೆ.

ಮಾತಿನ_ಮನೆ
ಅದಕ್ಕೇ ನಾವು ಟೇಬಲ್ ಮೇಲೆ ನಿಜವಾದ ಸಾಮಾನೇ ಇಡುತ್ತೇವೆ. ಕತ್ತಿ, ಸೌಟು, ಬೀಗದ ಕೈ, ತೆಂಗಿನ ಚಿಪ್ಪು, ಅಡಿಕೆ. ಕನ್ನಡಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯವರು ತಯಾರಿಸಿದ ಪರೀಕ್ಷೆಗಳು ಉಂಟು. ಬೇರೆ ಭಾಷೆಯವರಿಗೆ ಮನೆಯವರನ್ನು ಕೂರಿಸಿಕೊಂಡು ಮಾಡುತ್ತೇವೆ. ಶಾಲೆಗೆ ಹೋಗದವರಿಗೆ ನೂರರಿಂದ ಏಳು ಕಳೆಯುತ್ತಾ ಹೋಗಿ ಅಂತ ಕೇಳಿ ಮರೆವಿನ ಕಾಯಿಲೆ ಅನ್ನುವುದು ಅನ್ಯಾಯ.

ನಾಲ್ಕು ಭಾಷೆ ನಮಗೆ ತೊಂದರೆ ಮಾತ್ರ ಅಂತ ಅಂದುಕೊಳ್ಳಬೇಡಿ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಜೊತೆಯವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡಿಮೆನ್ಷಿಯಾ ಇರುವ 648 ಜನರನ್ನು ನೋಡಿದ್ದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದದವರಲ್ಲೂ ಹಾಗೆಯೇ. ನಮ್ಮ ಜಿಲ್ಲೆಯಲ್ಲಿ ಎರಡು ಭಾಷೆ ಗೊತ್ತಿಲ್ಲದವರನ್ನು ಹುಡುಕಬೇಕಷ್ಟೆ.

ಬೈಂದೂರು_ಬಸ್
ಸ್ವಲ್ಪ ವಿಷಯ ಬೇರೆ. ಚಿಕ್ಕಮ್ಮನ ಮಗನಿಗೆ ಸ್ನಾನ ಮಾಡುವಾಗ ಮಾತ್ರ ಫಿಟ್ಸ್ ಬರುತ್ತದೆ. ತಲೆಗೆ ಹಂಡೆಯ ಬಿಸಿ ನೀರು ಹೊಯ್ದ ತಕ್ಷಣ ಶೂನ್ಯ ನೋಡುತ್ತಾನೆ, ಬೀಳುತ್ತಾನೆ. ದೈವದ ಉಪದ್ರ ಅಂತ ಹೇಳುತ್ತಿದ್ದಾರೆ.

ನರದ_ನಂಟು
ಇದು ಬಿಸಿನೀರಿನ ಅಪಸ್ಮಾರ ಇರಬಹುದು. ದಕ್ಷಿಣ ಕರ್ನಾಟಕದಲ್ಲಿ ಸಾಕಷ್ಟು ಉಂಟು, ನಿಮ್ಹಾನ್ಸ್‌ನವರು ಇದರ ಮೇಲೆ ಎಷ್ಟೋ ವರ್ಷ ಕೆಲಸ ಮಾಡಿದ್ದಾರೆ. ಬೇರೆ ದೇಶದಲ್ಲಿ ಓದಿದ ಹೆಚ್ಚಿನ ಡಾಕ್ಟರ್‌ಗಳು ಒಂದು ಕೇಸನ್ನೂ ನೋಡಿರುವುದಿಲ್ಲ, ಇಲ್ಲಿ ಕಲಿತವರಿಗೆ ಗೊತ್ತಿರುತ್ತದೆ. ಸದ್ಯಕ್ಕೆ ನೀರು ಉಗುರುಬೆಚ್ಚಗೆ ಇರಲಿ, ತಲೆಗೆ ಒಮ್ಮೆಲೇ ಚೆಂಬುಗಟ್ಟಲೆ ಹೊಯ್ಯಬೇಡಿ, ಬಚ್ಚಲಿಗೆ ಚಿಲಕ ಹಾಕಿಕೊಳ್ಳಬಾರದು. ಕೆಲವರಿಗೆ ಸ್ನಾನಕ್ಕೆ ಒಂದು ಗಂಟೆಗೂ ಮೊದಲು ಕೊಡುವ ಮಾತ್ರೆಯೇ ಸಾಕಾಗುತ್ತದೆ, ಕೆಲವರಿಗೆ ದಿನವೂ ಬೇಕು. ಅದನ್ನು ಹುಡುಗನನ್ನು ನೋಡಿದವರೇ ಹೇಳಬೇಕು, ಇಲ್ಲಿ ಬರೆಯಬಾರದು. ಫಿಟ್ಸ್ ಬಂದಾಗ ಮಗ್ಗುಲಿಗೆ ಮಲಗಿಸಿ. ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನೂ ತುರುಕಬೇಡಿ. ಬೇಗ ತೋರಿಸಿ.

ಬೈಂದೂರು_ಬಸ್
ತುಂಬಾ ಥ್ಯಾಂಕ್ಸ್ ಸರ್. ಈ ವಾರವೇ ಮಣಿಪಾಲಕ್ಕೆ ಕರೆದುಕೊಂಡು ಹೋಗಲು ಹೇಳುತ್ತೇನೆ.

ಪಿಎಚ್‌ಸಿ_ಡ್ಯೂಟಿ
ನಾನು ಬೆಳ್ತಂಗಡಿ ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದ್ದೇನೆ. ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿ ಬರಬಹುದು. ನೀವೆಲ್ಲ ಡಿಎಂ ಸೀಟಿನ ಬಗ್ಗೆಯೇ ಮಾತಾಡುತ್ತೀರಿ. ವರ್ಷಕ್ಕೆ ಒಂದು ಕಾಲೇಜಿನಿಂದ ಬೆರಳೆಣಿಕೆಯಷ್ಟು ಜನ ಹೊರಬರುತ್ತಾರೆ. ಅವರಲ್ಲಿ ಎಷ್ಟು ಜನ ಬೆಳ್ತಂಗಡಿಗೆ ಬರುತ್ತಾರೆ? ಬೆಂಗಳೂರಿಗೆ ಹೋಗುತ್ತಾರೆ. ಅಪಸ್ಮಾರದವರಲ್ಲಿ ಮುಕ್ಕಾಲು ಪಾಲು ಮಂದಿಯನ್ನು ಕಡಿಮೆ ಬೆಲೆಯ ಮಾತ್ರೆಯಲ್ಲಿ ನಾವೇ ನೋಡಬಹುದು, ನಮಗೆ ಸರಿಯಾಗಿ ಕಲಿಸಿದರೆ. ಎಂಬಿಬಿಎಸ್‌ನಲ್ಲಿ ನ್ಯೂರಾಲಜಿ ಅಂದರೆ ಎಲ್ಲರಿಗೂ ಭಯ. ಹಾಗಾಗಿ ತಲೆನೋವು ಅಂದರೂ ರೆಫರ್, ಫಿಟ್ಸ್ ಅಂದರೂ ರೆಫರ್. ರೋಗಿ ಒಂದು ದಿನದ ಕೂಲಿ ಬಿಟ್ಟು ಮಂಗಳೂರಿಗೆ ಹೋಗಿ ಅದೇ ಮಾತ್ರೆ ತರುತ್ತಾನೆ, ಮುಂದಿನ ತಿಂಗಳು ಹೋಗುವುದಿಲ್ಲ, ಮಾತ್ರೆ ನಿಲ್ಲುತ್ತದೆ, ಪುನಃ ಫಿಟ್ಸ್.

ನಿಮ್ಹಾನ್ಸ್ ಮತ್ತು ಸರ್ಕಾರ ಸೇರಿ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿದರು. ಕಭಿ ಅಂತ ಕರೆಯುತ್ತಾರೆ. ಅದರಲ್ಲಿ ನಮ್ಮಂಥ ಡಾಕ್ಟರ್‌ಗಳಿಗೆ ತಲೆನೋವು, ಅಪಸ್ಮಾರ, ಸ್ಟ್ರೋಕ್, ಡಿಮೆನ್ಷಿಯಾ ಗುರುತಿಸಲು ಕಲಿಸುತ್ತಾರೆ. ನನ್ನ ಪ್ರಕಾರ ಹತ್ತು ಡಿಎಂ ಸೀಟು ಹೆಚ್ಚಿಸುವುದಕ್ಕಿಂತ ಇದರಿಂದ ಜಾಸ್ತಿ ಉಪಯೋಗ.

ನರದ_ನಂಟು
ಡಾಕ್ಟ್ರೇ, ನಿಮಗೆ ಕಲಿಸುವವರು ಯಾರು? ನ್ಯೂರಾಲಜಿಸ್ಟ್‌ಗಳೇ ಅಲ್ವಾ. ಎರಡೂ ಬೇಕು.

ಪಿಎಚ್‌ಸಿ_ಡ್ಯೂಟಿ
ಎರಡೂ ಬೇಕು ಸರಿ. ಆದರೆ ಮೂರು ವರ್ಷದ ಡಿಎಂನಲ್ಲಿ ಒಂದು ತಿಂಗಳಾದರೂ ತಾಲೂಕು ಆಸ್ಪತ್ರೆಯಲ್ಲಿ ಕೂರಿಸಿ. ಎಂಆರ್‌ಐ ಇಲ್ಲದ ಕಡೆ ಹೇಗೆ ಯೋಚಿಸಬೇಕು ಅಂತ ಅವರಿಗೂ ಗೊತ್ತಾಗಲಿ, ನಮಗೂ ಪಕ್ಕದಲ್ಲಿ ನಿಂತು ಕಲಿಯಲು ಸಿಗಲಿ.

ಹಾಸ್ಟೆಲ್_ರೂಮು
ನಾನು ಖುಷಿಯಿಂದ ಬರುತ್ತೇನೆ.

ಸುಳ್ಯ_ಘಾಟಿ
ಮಂಗಳೂರಿನ ಕಾರ್ಡಿಯಾಲಜಿಯವರು ಹಳ್ಳಿಗಳಿಗೆ ಇಸಿಜಿ ಮಷೀನ್ ಕೊಟ್ಟು, ವಾಟ್ಸಾಪಿನಲ್ಲಿ ಇಸಿಜಿ ನೋಡಿ ಸಲಹೆ ಕೊಡುತ್ತಾರಲ್ಲ, ತುಂಬಾ ಜನರ ಜೀವ ಉಳಿದಿದೆ. ಸ್ಟ್ರೋಕಿಗೂ ಹಾಗೆ ಮಾಡಬಹುದಲ್ವಾ?

ನರದ_ನಂಟು
ಒಳ್ಳೆಯ ಯೋಚನೆ, ಆದರೆ ಒಂದು ತೊಡಕು. ಸ್ಟ್ರೋಕ್‌ನಲ್ಲಿ ರಕ್ತನಾಳ ಕಟ್ಟಿಕೊಂಡಿದೆಯಾ, ಒಡೆದಿದೆಯಾ ಅಂತ ಹೊರಗಿನಿಂದ ಹೇಳಲು ಆಗುವುದಿಲ್ಲ. ಸಿಟಿ ಸ್ಕ್ಯಾನ್ ಬೇಕೇ ಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ ಒಡೆದವರಿಗೆ ಕೊಟ್ಟರೆ ಜೀವಕ್ಕೇ ಅಪಾಯ. ಸಿಟಿ ಇರುವ ಊರಿನಿಂದ ಚಿತ್ರ ಕಳಿಸಿದರೆ ಇಲ್ಲಿ ಕೂತು ನೋಡಿ ಹೇಳಬಹುದು, ಕೆಲವು ಕಡೆ ಮಾಡುತ್ತಿದ್ದಾರೆ ಕೂಡ. ಸಿಟಿ ಇಲ್ಲದ ಕಡೆ ಸುಮ್ನೆ ಡ್ರಿಪ್ ಹಾಕಿ ಹೊತ್ತು ಕಳೆಯದೆ ಸಿಟಿ ಇರುವ ಕಡೆಗೆ ನೇರ ಕಳಿಸುವುದೇ ಚಿಕಿತ್ಸೆ.

ಮಣ್ಣಗುಡ್ಡೆ_ಮನೆ
ನಾನೂ ಡಿಎಂ ಮುಗಿಸಿದವಳು. ಅಕ್ಕ, ಹೆಣ್ಣುಮಕ್ಕಳು ಇದನ್ನು ಓದುತ್ತಿದ್ದರೆ ಅಂತ ಬರೆಯುತ್ತಿದ್ದೇನೆ. ಎಂಡಿ ಮುಗಿಯುವ ಹೊತ್ತಿಗೆ ಮದುವೆ, ಮಗು ಅಂತ ಮನೆಯಲ್ಲಿ ಒತ್ತಾಯ ಶುರು ಆಗುತ್ತದೆ. ಡಿಎಂ ಮಾಡುವಾಗ ಹೆರಿಗೆ ರಜೆ ಸಿಗುತ್ತದೆ, ಆದರೆ ಕೋರ್ಸ್ ಅಷ್ಟು ಮುಂದಕ್ಕೆ ಹೋಗುತ್ತದೆ, ಜೊತೆಯವರ ಪರೀಕ್ಷೆ ಮುಗಿದು ನಾವು ಉಳಿಯುತ್ತೇವೆ. ಅದಕ್ಕೆ ಹೆದರಬೇಡಿ. ನನ್ನ ಅತ್ತೆ ಮಗುವನ್ನು ನೋಡಿಕೊಂಡದ್ದರಿಂದ ನನಗೆ ಸಾಧ್ಯ ಆಯಿತು. ಅದನ್ನು ಎಲ್ಲರ ಎದುರು ಹೇಳಲು ನನಗೆ ಹೆಮ್ಮೆ. ಹಾಸ್ಟೆಲ್ ಪಕ್ಕ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇದ್ದರೆ ಇನ್ನೆಷ್ಟೋ ಮಂದಿ ಬರುತ್ತಿದ್ದರು. ಕಾಲೇಜುಗಳು ಇದನ್ನು ಮಾಡಲೇಬೇಕು.

ಪುತ್ತೂರು_ಅಕ್ಕ
ಎಲ್ಲರಿಗೂ ದೊಡ್ಡ ನಮಸ್ಕಾರ. ತಮ್ಮನೂ ಓದುತ್ತಿದ್ದಾನೆ. ಪಾದದ ಕಥೆಯನ್ನು ಅಪ್ಪನಿಗೆ ಓದಿ ಹೇಳಿದೆ, ಅವರಿಗೂ ಸೊಂಟ ನೋವಿನ ಎಂಆರ್‌ಐ ಕಪಾಟಿನಲ್ಲಿ ಉಂಟು, ಹಾಗಾಗಿ ತುಂಬಾ ಗಮನ ಕೊಟ್ಟು ಕೇಳಿದರು. ಈಗ ಸೀಟಿನ ವಿಷಯ. ಎರಡು ಮೂರು ಕಡೆ ಸಿಗುವ ಹಾಗಿದ್ದರೆ ಯಾವುದನ್ನು ನೋಡಿ ಆರಿಸಬೇಕು? ಕಾಲೇಜಿನ ಹೆಸರಾ?

ಹಾಸ್ಟೆಲ್_ರೂಮು
ಹೆಸರು ಮಾತ್ರ ನೋಡಬೇಡಿ. ಕೌನ್ಸೆಲಿಂಗ್‌ಗೆ ಮೊದಲು ಅಲ್ಲಿಯ ಕೊನೆಯ ವರ್ಷದ ಒಬ್ಬರಿಗೆ ಫೋನ್ ಮಾಡಿ ಕೇಳಿ. ಮೆದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಟೆಸ್ಟನ್ನು ರೆಸಿಡೆಂಟ್‌ಗಳು, ಅಂದರೆ ಡಿಎಂ ಓದುವವರು, ತಾವೇ ಓದಿ ರಿಪೋರ್ಟ್ ಬರೆಯುತ್ತಾರಾ, ಅಥವಾ ಟೆಕ್ನಿಷಿಯನ್ ಕೊಟ್ಟದ್ದಕ್ಕೆ ಸಹಿ ಹಾಕುತ್ತಾರಾ? ನರದ ಟೆಸ್ಟ್, ಸ್ನಾಯುವಿನ ಇಎಂಜಿ ಟೆಸ್ಟಿನ ಸೂಜಿ ಸ್ವಂತ ಕೈಯಲ್ಲಿ ಹಾಕಲು ಬಿಡುತ್ತಾರಾ? ರಾತ್ರಿ ಸ್ಟ್ರೋಕ್ ಬಂದರೆ ಇಂಜೆಕ್ಷನ್ ನಿರ್ಧಾರದಲ್ಲಿ ರೆಸಿಡೆಂಟ್ ಇರುತ್ತಾರಾ? ವಾರಕ್ಕೊಮ್ಮೆ ರೇಡಿಯಾಲಜಿಯವರ ಜೊತೆ ಕೂತು ಚಿತ್ರ ನೋಡುವ ಮೀಟಿಂಗ್ ಉಂಟಾ? ಎಷ್ಟು ಜನ ಕಲಿಸುವವರು ಇದ್ದಾರೆ, ಕೋರ್ಸ್ ಮಧ್ಯೆ ಬಿಟ್ಟು ಹೋಗುತ್ತಿದ್ದಾರಾ? ಬಾಂಡ್ ಎಷ್ಟು, ಮಧ್ಯೆ ಸೀಟು ಬಿಟ್ಟರೆ ಎಷ್ಟು ಕಟ್ಟಬೇಕು ಅಂತ ಕಾಗದದಲ್ಲಿ ಓದಿಯೇ ಸೇರಬೇಕು.

ಕಂಕನಾಡಿ_ಸರ್ಕಲ್
ರೋಗಿಗಳ ಸಂಖ್ಯೆಯೂ ಮುಖ್ಯ ಅಲ್ವಾ? ನನ್ನ ಮಾವ ಹಳೆಯ ಕಾಲದ ಡಾಕ್ಟರ್. ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ನ ವಾರ್ಡಿನಲ್ಲಿ ಕಲಿತವನಿಗೆ ಯಾವ ರೋಗಿ ಬಂದರೂ ಹೆದರಿಕೆ ಇಲ್ಲ ಅಂತ ಈಗಲೂ ಹೇಳುತ್ತಾರೆ.

ನರದ_ನಂಟು
ಮುಖ್ಯ. ಸರ್ಕಾರಿ ವಾರ್ಡಿನಲ್ಲಿ ರೋಗಿ ತಡವಾಗಿ ಬರುತ್ತಾನೆ, ಚಿಹ್ನೆಗಳು ಪೂರ್ತಿ ಎದ್ದು ಕಾಣುತ್ತವೆ. ಖಾಸಗಿಯಲ್ಲಿ ಬೇಗ ಬರುತ್ತಾರೆ, ಟೆಸ್ಟ್ ಎಲ್ಲ ಸಿಗುತ್ತದೆ. ಎರಡನ್ನೂ ನೋಡಿದವನು ಗಟ್ಟಿ ಆಗುತ್ತಾನೆ. ಡಿಆರ್‌ಎನ್‌ಬಿ ಕಡಿಮೆ, ಡಿಎಂ ಮೇಲು ಅಂತ ಕೆಲವರು ಹೇಳುತ್ತಾರೆ, ಅದನ್ನು ನಂಬಬೇಡಿ. ಕಲಿಸುವ ಮನಸ್ಸಿರುವ ಒಬ್ಬ ಹಿರಿಯರು ಇದ್ದಾರಾ ಅಂತ ನೋಡಿ.

ಪಡುಬಿದ್ರಿ_ಪಯಣ
ಸ್ಟ್ರೋಕ್ ಬಗ್ಗೆ ಇನ್ನೊಂದು. ಆ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಅಂತಾರಲ್ಲ, ಗಂಟೆ ಯಾವಾಗಿನಿಂದ ಲೆಕ್ಕ? ಬೆಳಿಗ್ಗೆ ಎದ್ದಾಗಲೇ ಕೈ ಬಿದ್ದು ಹೋಗಿದ್ದರೆ?

ನರದ_ನಂಟು
ಕೊನೆಯ ಸಲ ಸರಿ ಇದ್ದದ್ದನ್ನು ಯಾರಾದರೂ ನೋಡಿದ ಗಂಟೆಯಿಂದ. ರಾತ್ರಿ ಹತ್ತಕ್ಕೆ ಮಾತಾಡಿ ಮಲಗಿ, ಬೆಳಿಗ್ಗೆ ಆರಕ್ಕೆ ಕೈ ಬಿದ್ದದ್ದು ಕಂಡರೆ ಲೆಕ್ಕ ಹತ್ತರಿಂದ. ಮಧ್ಯೆ ಮೂರಕ್ಕೆ ಎದ್ದು ಬಾತ್‌ರೂಮಿಗೆ ಸರಿಯಾಗಿ ನಡೆದದ್ದನ್ನು ಹೆಂಡತಿ ನೋಡಿದ್ದರೆ ಲೆಕ್ಕ ಮೂರರಿಂದ. ಆ ಒಂದು ಮಾತಿನ ಮೇಲೆ ಇಂಜೆಕ್ಷನ್ ಕೊಡುವುದು ಬಿಡುವುದು ನಿಂತಿರುತ್ತದೆ. ತಡವಾಗಿ ಬಂದವರಲ್ಲೂ ದೊಡ್ಡ ರಕ್ತನಾಳ ಕಟ್ಟಿಕೊಂಡಿದ್ದರೆ, ಸ್ಕ್ಯಾನ್ ನೋಡಿ ಆರಿಸಿದ ಕೆಲವರಿಗೆ 24 ಗಂಟೆಯವರೆಗೂ ತಂತಿ ಹಾಕಿ ಹೆಪ್ಪು ತೆಗೆಯಬಹುದು. ಹಾಗಾಗಿ ಹೊತ್ತು ಮೀರಿತು ಅಂತ ಮನೆಯಲ್ಲೇ ಇಟ್ಟುಕೊಳ್ಳಬೇಡಿ.

ಪಿಎಚ್‌ಸಿ ಡಾಕ್ಟ್ರೇ, ನಿಮ್ಮಲ್ಲಿ ಒಂದು ವಿನಂತಿ. ರೆಫರ್ ಚೀಟಿಯಲ್ಲಿ ಬಿಪಿ, ಶುಗರ್ ಬರೆದೇ ಬರುತ್ತದೆ, ಈ ಗಂಟೆ ಮಾತ್ರ ಬರೆದಿರುವುದಿಲ್ಲ. ರೋಗಿಗೆ ಮಾತು ಬರುವುದಿಲ್ಲ, ಜೊತೆಗೆ ಬಂದವರು ಪಕ್ಕದ ಮನೆಯವರು, ನೋಡಿದವರು ಊರಲ್ಲೇ ಉಳಿದಿರುತ್ತಾರೆ. ಆ ಗಂಟೆ, ನೋಡಿದವರ ಫೋನ್ ನಂಬರ್, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಾರಾ ಅನ್ನುವುದು, ಇಷ್ಟು ಬರೆದು ಕಳಿಸಿದರೆ ನಮಗೆ ಎಷ್ಟೋ ನಿಮಿಷ ಉಳಿಯುತ್ತದೆ.

ಪಿಎಚ್‌ಸಿ_ಡ್ಯೂಟಿ
ಬರೆಸುತ್ತೇನೆ ಸರ್. ನಮ್ಮ ನರ್ಸ್ ಮತ್ತು ಆಶಾ ಕಾರ್ಯಕರ್ತೆಯರ ಮೀಟಿಂಗ್ ಉಂಟು, ಅಲ್ಲೇ ಹೇಳುತ್ತೇನೆ. 108ರವರಿಗೂ ತಿಳಿಸಬೇಕು. ನಿಮ್ಮ ವಿಭಾಗದಿಂದ ಯಾರಾದರೂ ಒಂದು ಮಧ್ಯಾಹ್ನ ಬಂದು ಮುಖ, ಕೈ, ಮಾತು ಹೇಗೆ ನೋಡಬೇಕು ಅಂತ ಅವರಿಗೆ ತೋರಿಸಿಕೊಟ್ಟರೆ ಇನ್ನೂ ಒಳ್ಳೆಯದು. ತುಳುವಿನಲ್ಲಿ ಹೇಳುವವರೇ ಬರಲಿ.

ಹಾಸ್ಟೆಲ್_ರೂಮು
ಡಾಕ್ಟ್ರೇ, ನನ್ನ ಮನೆ ಮಾತು ತುಳುವೇ. ನಮ್ಮ ವಿಭಾಗದ ಮುಖ್ಯಸ್ಥರ ಹತ್ತಿರ ಕೇಳಿ ನಿಮಗೆ ಮೆಸೇಜ್ ಮಾಡುತ್ತೇನೆ.